18 ಇಂಚಿನ ವಿದ್ಯುತ್ ಮೋವರ್: ಪುಣೆಯ ಪಾಷಾಣ ಬಡಾವಣೆಯ ಒಂದು ಹುಲ್ಲುಹಾಸಿನಲ್ಲಿ ನಾಲ್ಕು ತಿಂಗಳು

ಹದಿನಾರು ವರ್ಷ ದುಡಿದ ನಮ್ಮ ವಸತಿ ಸೊಸೈಟಿಯ ಪೆಟ್ರೋಲ್ ಮೋವರ್, ಅಂದರೆ ಹುಲ್ಲು ಕತ್ತರಿಸುವ ಯಂತ್ರ, ಕಳೆದ ಮೇ ತಿಂಗಳ ಕೊನೆಯ ವಾರ, ಮಳೆಗಾಲ ಇನ್ನೇನು ಬಾಗಿಲಿಗೆ ಬಂತು ಎನ್ನುವಾಗ, ಹುಲ್ಲಿನಲ್ಲಿ ಅಡಗಿದ್ದ ಸ್ಪ್ರಿಂಕ್ಲರಿನ ಹಿತ್ತಾಳೆ ಮೂತಿಗೆ ಬಡಿದು ನಿಂತುಹೋಯಿತು. ಎಷ್ಟು ಸಲ ಹಗ್ಗ ಎಳೆದರೂ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್ ಬಂದು ಮೇಲಿನ ಮುಚ್ಚಳ ಬಿಚ್ಚಿ, ಎಂಜಿನ್ನಿನ ಜೊತೆ ಸುತ್ತುವ ಭಾರದ ಚಕ್ರವಾದ ಫ್ಲೈವೀಲನ್ನು ಎತ್ತಿ, ಅದರ ತೋಡಿನಲ್ಲಿ ಕೂತಿದ್ದ ಬೆರಳುಗುರಿನಷ್ಟು ಗಾತ್ರದ ಕೀಲಿಯನ್ನು ಅಂಗೈ ಮೇಲಿಟ್ಟು ತೋರಿಸಿದ. ಅದು ನಡುವೆ ಕತ್ತರಿಸಿಹೋಗಿತ್ತು. ಈ ಕೀಲಿಯನ್ನು ಬೇಕೆಂದೇ ಮೆತ್ತನೆಯ ಲೋಹದಲ್ಲಿ ಮಾಡಿರುತ್ತಾರೆ. ಅಲಗು ಕಲ್ಲಿಗೋ ಕಬ್ಬಿಣಕ್ಕೋ ಬಡಿದಾಗ ತಾನು ಮುರಿದು ಅಲಗನ್ನು ತಿರುಗಿಸುವ ಒಳಗಿನ ದಂಡವಾದ ಕ್ರ್ಯಾಂಕ್ ಶಾಫ್ಟನ್ನು ಉಳಿಸುವುದು ಅದರ ಕೆಲಸ. ಕೀಲಿ ಮುರಿದರೆ ಫ್ಲೈವೀಲ್ ತುಸು ಜರುಗಿ, ಕಿಡಿ ಹಾರುವ ಹೊತ್ತು ತಪ್ಪಿ, ಎಂಜಿನ್ ಶುರುವಾಗುವುದಿಲ್ಲ. ಕೀಲಿಯ ಬೆಲೆ ಏನೂ ಅಲ್ಲ. ಆದರೆ ನಮ್ಮ ದುರದೃಷ್ಟಕ್ಕೆ ಶಾಫ್ಟೂ ಬಾಗಿತ್ತು, ಮತ್ತು ಅಷ್ಟು ಹಳೆಯ ಎಂಜಿನ್ನಿಗೆ ಶಾಫ್ಟ್ ಪುಣೆಯಲ್ಲಿ ಎಲ್ಲಿಯೂ ಸಿಗಲಿಲ್ಲ. ಯಂತ್ರವನ್ನು ಮಗ್ಗುಲಿಗೆ ಹೊರಳಿಸಿ ನೋಡಿದಾಗ, ಅಲಗಿನ ಮೇಲಿನ ತಗಡಿನ ಹೊದಿಕೆ ಒಂದು ಕಡೆ ತುಕ್ಕು ತಿಂದು ಬೆರಳು ಒತ್ತಿದರೆ ತೂರಿಹೋಗುವಷ್ಟು ಸವೆದಿತ್ತು. ಒದ್ದೆ ಹುಲ್ಲಿನ ಚೂರು ಒಳಗೆ ಮೆತ್ತಿಕೊಂಡು, ಅದರಲ್ಲಿ ಯೂರಿಯಾದ ಅಂಶವೂ ಸೇರಿ, ಹದಿನಾರು ಮಳೆಗಾಲ ಕಳೆದರೆ ತಗಡು ಉಳಿಯುವುದಾದರೂ ಹೇಗೆ.

ಸೊಸೈಟಿಯ ಕಮಿಟಿಯಲ್ಲಿ ತೋಟದ ಹೊಣೆ ನನ್ನದಾದ್ದರಿಂದ ಹೊಸ ಯಂತ್ರವನ್ನು ಆರಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಪುಣೆಯಲ್ಲಿ ‘ಲಾನ್ಸ್’ ಎಂದರೆ ಮದುವೆಯ ಕಾರ್ಯಾಲಯ, ಅಂದರೆ ಕಲ್ಯಾಣ ಮಂಟಪ, ಎಂದೇ ಅರ್ಥ. ಎರಡು ಅಂಗಡಿಗಳಲ್ಲಿ ‘ಯಾವ ಲಾನ್ಸಿಗೆ ಸಾಹೇಬ್’ ಎಂದು ಕೇಳಿ, ನನ್ನನ್ನು ಕಾರ್ಯಾಲಯದ ಮಾಲೀಕನೆಂದು ತಿಳಿದು, ಕೂತು ಓಡಿಸುವ ದೊಡ್ಡ ಯಂತ್ರದ ಚಿತ್ರ ಮುಂದಿಟ್ಟರು. ನಮ್ಮದು 60 ಅಡಿ ಅಗಲ, 80 ಅಡಿ ಉದ್ದದ, ಅಂದರೆ 4,800 ಚದರಡಿಯ ಸಾಮಾನ್ಯ ಹುಲ್ಲುಹಾಸು. ಮೂರು ಮರ, ಒಂದು ಬದಿಗೆ ಸಣ್ಣ ಇಳಿಜಾರು, ಹುಲ್ಲು ಬಹುಪಾಲು ಗರಿಕೆಯ ಜಾತಿ. ಗಣೇಶ ಚತುರ್ಥಿಗೆ ನಾವು ಇಪ್ಪತ್ತೊಂದು ಎಣಿಸಿ ಕೀಳುವ ಆ ಗರಿಕೆಯೇ ಜಗತ್ತಿನ ಎಷ್ಟೋ ಮೈದಾನಗಳಲ್ಲಿ ಬರ್ಮುಡಾ ಹುಲ್ಲು ಎಂಬ ಹೆಸರಿನಲ್ಲಿ ಹಾಸಿಕೊಂಡಿದೆ.

ಅಂಗಡಿ ಸುತ್ತುವ ಮೊದಲು ಒಂದು ಮಾತು ಇತ್ಯರ್ಥವಾಗಬೇಕಿತ್ತು. ನಮ್ಮ ಮಾಲಿ ಇಂಡಿ ತಾಲ್ಲೂಕಿನವರು. ನನಗಿಂತ ಹಿರಿಯರಾದ್ದರಿಂದ ಸೊಸೈಟಿಯವರೆಲ್ಲ ಅವರನ್ನು ಮಾಮಾ ಎಂದೇ ಕರೆಯುತ್ತಾರೆ. ಹಳೆಯ ಯಂತ್ರ ಗುಜರಿಗೆ ಹೋದ ದಿನ ಅವರು ನೇರವಾಗಿ ಹೇಳಿದರು: “ಸಾಹೇಬ್ರ, ಮಶೀನ ತಗೋಳಾವ್ರು ನೀವ ಖರೆ, ದೂಡಾವ ನಾ. ನನ್ನೂ ಒಂದಸಲ ಕರಕೊಂಡ ಹೋಗ್ರಿ.” ಕಮಿಟಿಯ ಸಭೆಯಲ್ಲಿ ಅಶ್ವಶಕ್ತಿ, ವಾರಂಟಿ, ರಿಯಾಯಿತಿ ಎಂದು ಒಂದು ಗಂಟೆ ಮಾತಾಡಿದ ನಮಗೆ ಯಾರಿಗೂ ಈ ಮಾತು ಹೊಳೆದಿರಲಿಲ್ಲ. ಹಾಗಾಗಿ ಆಯ್ಕೆಗೆ ನಾನು ಎರಡೇ ಪ್ರಶ್ನೆಗಳನ್ನು ಇಟ್ಟುಕೊಂಡೆ: ಮಾಮಾ ಇದನ್ನು ಜುಲೈ ತಿಂಗಳ ಒದ್ದೆ ಹುಲ್ಲಿನಲ್ಲಿ ಸಲೀಸಾಗಿ ದೂಡಬಲ್ಲರೇ, ಮತ್ತು ಇದು ಕೆಟ್ಟ ದಿನ ಪಾಷಾಣದಲ್ಲೇ ಇದನ್ನು ಬಿಚ್ಚಿ ಸರಿಮಾಡುವವರು ಇದ್ದಾರೆಯೇ. ಉಳಿದ ಗುಣಗಳೆಲ್ಲ ಇವೆರಡರ ನಂತರ.

ಮೊದಲು ಮನಸ್ಸು ಹೋದದ್ದು ಕೈಯಿಂದ ದೂಡುವ, ಉರುಳೆಯಂತೆ ತಿರುಗುವ ಅಲಗುಗಳ ಮೋವರಿನ ಕಡೆಗೆ. ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡಿಂಗ್ ಎಂಬಾತ, ಉಣ್ಣೆಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಗಿರಣಿಯ ಯಂತ್ರವನ್ನು ನೋಡಿ, 1830ರಲ್ಲಿ ಹುಲ್ಲಿಗೂ ಅದನ್ನೇ ಹೊಂದಿಸಿ ಪೇಟೆಂಟ್ ಪಡೆದ. ಸುಮಾರು ಇನ್ನೂರು ವರ್ಷಗಳ ನಂತರವೂ ಅದರ ತತ್ತ್ವ ಬದಲಾಗಿಲ್ಲ. ತಿರುಗುವ ಅಲಗು ಕೆಳಗಿನ ನಿಶ್ಚಲ ಅಲಗಿಗೆ ತಾಗಿಯೂ ತಾಗದಂತೆ ಹಾದುಹೋಗಿ, ಹುಲ್ಲಿನ ಎಸಳನ್ನು ಕತ್ತರಿಯಂತೆ ತುಂಡರಿಸುತ್ತದೆ. ರವಿವಾರ ಪೇಠೆಯ ಬೋಹರಿ ಆಳಿ ಎಂಬ ಗಲ್ಲಿಯ ಒಂದು ಅಂಗಡಿಯಲ್ಲಿ ಇಂಥದೊಂದನ್ನು ಹೊರಗೆ ತೆಗೆಸಿದಾಗ, ಅಂಗಡಿಯ ಮುದುಕರು ಗಲ್ಲಾದ ಮೇಲಿದ್ದ ಮರಾಠಿ ಪತ್ರಿಕೆಯ ಒಂದು ಪಟ್ಟಿ ಹರಿದು, ಎರಡು ಅಲಗುಗಳ ನಡುವೆ ಹಿಡಿದು, ಇನ್ನೊಂದು ಕೈಯಿಂದ ಉರುಳೆಯನ್ನು ಮೆಲ್ಲಗೆ ತಿರುಗಿಸಿದರು. ಎಡಗಡೆ ಕಾಗದ ಚಕ್ಕೆಂದು ತುಂಡಾಯಿತು; ಬಲಗಡೆ ತುಂಡಾಗದೆ ಮಡಚಿಕೊಂಡು ಒಳಗೆ ಸಿಕ್ಕಿತು. ಅವರು ಬಲ ತುದಿಯ ಸ್ಕ್ರೂವನ್ನು ಕಾಲು ಸುತ್ತು ಬಿಗಿದು ಮತ್ತೆ ಹಿಡಿದರು, ಈ ಸಲ ಎರಡೂ ಕಡೆ ಒಂದೇ ಸದ್ದು ಬಂತು. ಇಂಥ ಮೋವರನ್ನು ಕೊಳ್ಳುವವರು ಅಂಗಡಿಯಲ್ಲೇ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಕಾಗದ ಕತ್ತರಿಸದ ಯಂತ್ರ ಹುಲ್ಲನ್ನೂ ಕತ್ತರಿಸುವುದಿಲ್ಲ, ಜಗಿಯುತ್ತದೆ.

ಗರಿಕೆಗೂ, ಇಲ್ಲಿನ ನರ್ಸರಿಗಳು ಮೆಕ್ಸಿಕನ್ ಎಂದು ಮಾರುವ ಸಣ್ಣ ಎಲೆಯ ಹುಲ್ಲಿಗೂ, ಒಂದು ಇಂಚಿನೊಳಗೆ ಚಾಪೆಯಂತೆ ಕತ್ತರಿಸಬೇಕೆಂದರೆ ಈ ಉರುಳೆ ಮೋವರಿಗೆ ಸಮನಾದದ್ದು ಬೇರೆ ಇಲ್ಲ. ಸದ್ದಿಲ್ಲ, ಹೊಗೆಯಿಲ್ಲ, ತಂತಿಯಿಲ್ಲ. ಆದರೆ ಅದು ವಾರಕ್ಕೆರಡು ಬಾರಿ ತಪ್ಪದೆ ಓಡುವ ತೋಟಕ್ಕೆ ಮಾಡಿದ ಯಂತ್ರ. ಶಿವಾಜಿನಗರದ ವೀಕ್ಷಣಾಲಯದಲ್ಲಿ ದಾಖಲಾಗುವ ಪುಣೆಯ ವಾರ್ಷಿಕ ಸರಾಸರಿ ಮಳೆ 700 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ, ಊರಿನ ಪಶ್ಚಿಮಕ್ಕಿರುವ ನಮ್ಮ ಪಾಷಾಣ, ಸೂಸ್, ಬಾವಧನಗಳಿಗೆ ಇನ್ನೂ ತುಸು ಹೆಚ್ಚು. ಉಷ್ಣವಲಯದ ಹವಾಮಾನವನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದರೂ, ಜುಲೈನಲ್ಲಿ ಮಾಮಾ ಆಕಾಶ ನೋಡಿ ಹೇಳುವ ಮಾತನ್ನೇ ನಾವು ನೆಚ್ಚುವುದು. ಹತ್ತು ದಿನ ಎಡೆಬಿಡದೆ ಜಿನುಗಿದರೆ ಹುಲ್ಲು ಪಾದದ ಗಂಟಿನ ಕಡೆಗೆ ಏಳುತ್ತದೆ. ಆಗ ಉರುಳೆ ಅದನ್ನು ಕತ್ತರಿಸುವ ಬದಲು ಮುಂದಕ್ಕೆ ಬಾಗಿಸಿ ಮೇಲೆ ಹಾದುಹೋಗುತ್ತದೆ. ಮರದಿಂದ ಬಿದ್ದ ಪೆನ್ಸಿಲ್ ಗಾತ್ರದ ಕಡ್ಡಿ ಸಿಕ್ಕರೂ ಸಾಕು, ಉರುಳೆ ತಟ್ಟನೆ ನಿಂತು ಹಿಡಿಕೆ ಹೊಟ್ಟೆಗೆ ಬಡಿಯುತ್ತದೆ. ಮಾಮಾ ಅದನ್ನು ಅಂಗಡಿಯ ಮುಂದಿನ ಹಾಸುಗಲ್ಲಿನ ಮೇಲೆ ಎರಡು ಹೆಜ್ಜೆ ದೂಡಿ, “ಚಲೋ ಐತ್ರಿ, ಆದ್ರ ಮಳ್ಯಾಗ ಇದರ ಆಟ ನಡ್ಯಾಂಗಿಲ್ಲ” ಎಂದರು. ಮುಗಿಯಿತು. ಒಂದು ಪಾತಿಯಷ್ಟು ಹುಲ್ಲು ಇರುವವರು, ಅದನ್ನು ದಿನಾ ಮುಟ್ಟಿ ನೋಡುವವರು ಮಾತ್ರ ಅದನ್ನು ಕೊಳ್ಳಲಿ. ಅವರಿಗೆ ಅದರಷ್ಟು ಸುಖ ಬೇರೆ ಯಾವುದೂ ಕೊಡದು.

ಹಾಗಾಗಿ ಉಳಿದದ್ದು ಅಡ್ಡ ಅಲಗು ಫ್ಯಾನಿನಂತೆ ಸುತ್ತುವ ರೋಟರಿ ಮೋವರ್. ಇದರಲ್ಲಿ ಕತ್ತರಿಯ ತತ್ತ್ವವಿಲ್ಲ, ವೇಗವೇ ಹರಿತ. 18 ಇಂಚಿನ ಅಲಗು ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 240 ಕಿ.ಮೀ. ವೇಗದಲ್ಲಿ ಹುಲ್ಲಿಗೆ ಬಡಿಯುತ್ತದೆ. ಹುಲ್ಲು ಎಷ್ಟೇ ಎತ್ತರವಿರಲಿ, ಕಡ್ಡಿ, ಒಣ ಎಲೆ ಏನೇ ಬೀಳಲಿ, ಅದು ತಡೆದುಕೊಳ್ಳುತ್ತದೆ. ಇದನ್ನು ತಿರುಗಿಸಲು ಪೆಟ್ರೋಲ್, ಬ್ಯಾಟರಿ, ತಂತಿ ಎಂಬ ಮೂರು ದಾರಿಗಳಿವೆ.

ಪೆಟ್ರೋಲನ್ನು ನಾನು ಬೇಗನೆ ಬಿಟ್ಟೆ. ಕಾರಣ ಹೊಗೆ, ಸದ್ದು ಮಾತ್ರವಲ್ಲ, ನಮ್ಮ ಹಳೆಯ ಯಂತ್ರದ ಕೊನೆಯ ಎರಡು ವರ್ಷಗಳ ಅನುಭವವೂ ಹೌದು. ಎಥನಾಲ್ ಶೇ. 20ರಷ್ಟು ಬೆರೆತ ಇ-20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ಈಗ ಎಲ್ಲ ಬಂಕುಗಳಲ್ಲೂ ಸಾಮಾನ್ಯವಾಗಿದೆ. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ದಿನಾ ಓಡುವ ಸ್ಕೂಟರಿನಲ್ಲಿ ಇದು ತೊಂದರೆ ಕೊಡದಿರಬಹುದು; ಡಿಸೆಂಬರಿನಿಂದ ಮೂರು ವಾರಕ್ಕೊಮ್ಮೆ ಹೊರಬರುವ ಮೋವರಿನ ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ, ಸೂಜಿಗಿಂತ ಸಣ್ಣ ರಂಧ್ರದ ಜೆಟ್ಟನ್ನು ಮುಚ್ಚುತ್ತದೆ. ಹಳೆಯ ಎಂಜಿನ್ನುಗಳ ರಬ್ಬರ್ ನಳಿಕೆ, ವಾಷರುಗಳು ಇಂಥ ಇಂಧನಕ್ಕೆ ಮಾಡಿದವಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕಿನ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರನ್ನು ಬರಿದು ಮಾಡಬೇಕು. ನಾವು ಮಾಡಲಿಲ್ಲ, ತಪ್ಪು ನಮ್ಮದೇ. ಅರ್ಧ ಎಕರೆಗಿಂತ ದೊಡ್ಡ ಜಾಗ, ವಿದ್ಯುತ್ ತಲುಪದ ಫಾರ್ಮ್ ಹೌಸ್ ಇದ್ದವರಿಗೆ ಪೆಟ್ರೋಲೇ ಗತಿ, ಅದರಲ್ಲಿ ಹೋಂಡಾದ 163 ಸಿ.ಸಿ.ಯ ಜಿ.ಎಕ್ಸ್.ವಿ. 160 ಎಂಜಿನ್ ಕೂತಿರುವ ಮೋವರುಗಳ ಹೆಸರನ್ನು ಮೆಕ್ಯಾನಿಕ್ಕುಗಳು ಗೌರವದಿಂದ ಹೇಳುತ್ತಾರೆ. ಆದರೂ ಕಾಲ ಎತ್ತ ತಿರುಗುತ್ತಿದೆ ಎಂಬುದನ್ನು ಗಮನಿಸಬೇಕು: ಅದೇ ಹೋಂಡಾ ಅಮೆರಿಕದ ತನ್ನ ಕಾರ್ಖಾನೆಯಲ್ಲಿ ಪೆಟ್ರೋಲ್ ಮೋವರುಗಳ ತಯಾರಿಕೆಯನ್ನು 2023ರಲ್ಲಿ ನಿಲ್ಲಿಸಿತು.

ಬ್ಯಾಟರಿಯ ಯಂತ್ರ ಕಮಿಟಿಯ ತರುಣ ಸದಸ್ಯರ ಆಯ್ಕೆಯಾಗಿತ್ತು, ಮತ್ತು ಅಂಗಡಿಯಲ್ಲಿ ಅದನ್ನು ಓಡಿಸಿದಾಗ ನನಗೂ ಆಸೆಯಾಯಿತು. ಲೆಕ್ಕ ಮಾತ್ರ ಕೂಡಲಿಲ್ಲ. 36 ವೋಲ್ಟ್, 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 144 ವ್ಯಾಟ್-ಗಂಟೆ. ದಟ್ಟ ಹುಲ್ಲಿನಲ್ಲಿ ಮೋಟಾರು ಸರಾಸರಿ 400 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೂ ಇಪ್ಪತ್ತು ನಿಮಿಷದ ಆಸುಪಾಸಿಗೆ ಬ್ಯಾಟರಿ ಬರಿದಾಗುತ್ತದೆ, ಆದರೆ ನಮ್ಮ ಹುಲ್ಲುಹಾಸಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಎರಡನೆಯ ಬ್ಯಾಟರಿ ಕೊಳ್ಳಬಹುದು. ಅದರ ಬೆಲೆ ಕೇಳಿ ಖಜಾಂಚಿಗಳು ಚಹಾದ ಲೋಟ ಕೆಳಗಿಟ್ಟರು. ಬಾಷ್, ಸ್ಟಿಲ್, ಹುಸ್ಕ್ವರ್ನಾ ಮೂವರೂ 36 ವೋಲ್ಟಿನ ಸರಣಿಯನ್ನು ಮಾರುತ್ತಾರಾದರೂ ಒಬ್ಬರ ಬ್ಯಾಟರಿ ಇನ್ನೊಬ್ಬರ ಯಂತ್ರದಲ್ಲಿ ಕೂರುವುದಿಲ್ಲ ಎಂಬುದನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು. ಔಂಧದಲ್ಲಿ ನನ್ನ ಸ್ನೇಹಿತರೊಬ್ಬರ ಬಂಗಲೆಯ ಮುಂದೆ 900 ಚದರಡಿಯ ಹುಲ್ಲಿದೆ. ಅವರು ಮೂರು ವರ್ಷದಿಂದ ಬ್ಯಾಟರಿ ಮೋವರಿನಲ್ಲಿ ಸುಖವಾಗಿದ್ದಾರೆ. ಅಷ್ಟು ಜಾಗಕ್ಕೆ ನಾನೂ ಅದನ್ನೇ ಕೊಳ್ಳುತ್ತಿದ್ದೆ.

ತಂತಿಯ ಯಂತ್ರಗಳಲ್ಲಿಯೂ ಎರಡು ಕುಲಗಳಿವೆ ಎಂಬುದು ಅಂಗಡಿಯ ಫಲಕಗಳಲ್ಲಿ ಕಾಣುವುದಿಲ್ಲ. ಒಂದು, ಮಿಕ್ಸರ್, ಡ್ರಿಲ್‌ಗಳಲ್ಲಿ ಇರುವಂಥ ಕಾರ್ಬನ್ ಬ್ರಷ್ಷಿನ ಮೋಟಾರು. ಹಗುರ, ಚಿಕ್ಕದು, ವೇಗದ್ದು. ಬಾಷ್‌ನ ಎ.ಆರ್.ಎಂ. 32 ಈ ಬಗೆಯ ಹಗುರ ಯಂತ್ರಗಳಿಗೆ ಒಳ್ಳೆಯ ಉದಾಹರಣೆ: 1,200 ವ್ಯಾಟ್, ಕತ್ತರಿಸುವ ಅಗಲ 32 ಸೆಂ.ಮೀ., ತೂಕ 7 ಕಿಲೋದ ಒಳಗೆ. ಮಾಮಾ ಅದನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕರು. ಇನ್ನೊಂದು, ನೀರಿನ ಪಂಪಿನಲ್ಲಿರುವಂಥ ಇಂಡಕ್ಷನ್ ಮೋಟಾರು. ಬ್ರಷ್ ಇಲ್ಲ, ಸವೆಯುವ ಭಾಗ ಬೇರಿಂಗ್ ಮತ್ತು ಕೆಪಾಸಿಟರ್ ಮಾತ್ರ, ಆದರೆ ಭಾರ ಅಂದರೆ ಭಾರ. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಧ್ರುವದ ಇಂಡಕ್ಷನ್ ಮೋಟಾರು ನಿಮಿಷಕ್ಕೆ 3,000 ಸುತ್ತಿಗೆ ತುಸು ಕಡಿಮೆ ತಿರುಗುವುದರಿಂದ ಅಲಗನ್ನು ನೇರವಾಗಿ ಅದರ ಶಾಫ್ಟಿಗೇ ಕಟ್ಟಬಹುದು, ನಡುವೆ ಬೆಲ್ಟಿನ ಗೊಡವೆ ಇಲ್ಲ.

ಅಗಲದ ಲೆಕ್ಕವನ್ನೂ ಹಾಕಿದೆ. ಪ್ರತಿ ಸಾಲಿನಲ್ಲೂ ಹಿಂದಿನ ಸಾಲನ್ನು ಎರಡು ಮೂರು ಇಂಚು ಮುಚ್ಚಿಕೊಂಡು ಹೋಗಬೇಕಾದ್ದರಿಂದ, 18 ಇಂಚಿನ ಯಂತ್ರದಿಂದ ದಕ್ಕುವುದು 15 ಇಂಚು. ಅಂದರೆ 4,800 ಚದರಡಿಗೆ ಸುಮಾರು 1.2 ಕಿ.ಮೀ. ನಡಿಗೆ. 32 ಸೆಂ.ಮೀ.ಯ ಯಂತ್ರಕ್ಕೆ ಅದೇ ಜಾಗದಲ್ಲಿ ಸುಮಾರು 1.8 ಕಿ.ಮೀ. ಹಗುರ ಯಂತ್ರವನ್ನು ಸುಮಾರು 0.6 ಕಿ.ಮೀ. ಹೆಚ್ಚು ದೂಡುವುದೋ, ಭಾರದ ಯಂತ್ರವನ್ನು ಕಡಿಮೆ ದೂಡುವುದೋ ಎಂಬುದು ಕಾಗದದ ಮೇಲೆ ಬಗೆಹರಿಯುವ ಪ್ರಶ್ನೆಯಲ್ಲ. ಬಗೆಹರಿಸಿದ್ದು ಎರಡನೆಯ ಪ್ರಶ್ನೆ. ಪಾಷಾಣದ ಗಲ್ಲಿಯೊಂದರಲ್ಲಿ ಪಂಪಿನ ಮೋಟಾರು ಸುತ್ತಿಕೊಡುವ ವೈಂಡಿಂಗ್ ಅಂಗಡಿ ಇದೆ. ಎರಡೂ ಬಗೆಯ ಮೋಟಾರಿನ ಚಿತ್ರಗಳನ್ನು ಅವನಿಗೆ ತೋರಿಸಿದೆ. ಮೊದಲನೆಯದನ್ನು ನೋಡಿ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಿರಿ ಎಂದ. ಎರಡನೆಯದಕ್ಕೆ, ಬೆಳಿಗ್ಗೆ ಕೊಟ್ಟರೆ ಸಂಜೆ ಒಯ್ಯಿರಿ ಎಂದ. ಸಣ್ಣ ತೋಟದವರಿಗೆ ಹಗುರ ಯಂತ್ರವೇ ಸರಿ ಎಂದು ಈಗಲೂ ಹೇಳುತ್ತೇನೆ, ಆದರೆ ನಮ್ಮ ಯಂತ್ರವನ್ನು ಆರಿಸಿದ್ದು ಆ ವೈಂಡಿಂಗ್ ಅಂಗಡಿಯವನು.

ಕೊನೆಗೆ ತಂದದ್ದು ದೇಶೀ ತಯಾರಿಕೆಯ, 18 ಇಂಚು ಅಲಗಿನ, ಒಂದೂವರೆ ಅಶ್ವಶಕ್ತಿಯ ಇಂಡಕ್ಷನ್ ಮೋಟಾರಿನ ಮೋವರ್. ಎರಡು ಹೆಚ್ಚುವರಿ ಅಲಗು, ಒಂದು ಹೆಚ್ಚುವರಿ ಕೆಪಾಸಿಟರ್ ಸೇರಿ 22,500 ರೂಪಾಯಿ ಬಿತ್ತು. ಕೊಳ್ಳುವ ಮೊದಲು ನಾವು ಮೂರು ಅಂಗಡಿಗಳಲ್ಲಿ ಯಂತ್ರಗಳನ್ನು ತಲೆಕೆಳಗು ಮಾಡಿಸಿ ನೋಡಿದೆವು. ಮೇಲಿನ ಬಣ್ಣ ಎಲ್ಲದರದ್ದೂ ಹೊಳೆಯುತ್ತದೆ. ಯಂತ್ರದ ಯೋಗ್ಯತೆ ಕಾಣುವುದು ಹೊಟ್ಟೆಯ ಕಡೆಯಿಂದ. ಹೊದಿಕೆಯ ತಗಡಿನ ದಪ್ಪ, ಬೆಸುಗೆ ಪೂರ್ತಿ ಹರಿದಿದೆಯೋ ಚುಕ್ಕೆ ಚುಕ್ಕೆಯಾಗಿ ಹಾಕಿದ್ದಾರೋ, ಚಕ್ರದ ನಡುವೆ ಬಾಲ್ ಬೇರಿಂಗ್ ಇದೆಯೋ ಬರೀ ಪ್ಲಾಸ್ಟಿಕ್ ಬುಷ್ಷೋ, ಇವೆಲ್ಲ ಅಲ್ಲಿ ಗೊತ್ತಾಗುತ್ತವೆ. ಒಂದು ಯಂತ್ರದಲ್ಲಿ ಎತ್ತರ ಬದಲಿಸಲು ನಾಲ್ಕು ಚಕ್ರಗಳ ನಾಲ್ಕು ಬೋಲ್ಟುಗಳನ್ನು ಸ್ಪ್ಯಾನರಿನಿಂದ ಬಿಚ್ಚಿ ಹಾಕಬೇಕಿತ್ತು. ಅಂಥ ಯಂತ್ರದಲ್ಲಿ ಎತ್ತರವನ್ನು ಯಾರೂ ಯಾವತ್ತೂ ಬದಲಿಸುವುದಿಲ್ಲ. ನಾವು ಆರಿಸಿದ್ದರಲ್ಲಿ ಒಂದೇ ಸನ್ನೆ ಎಳೆದರೆ ನಾಲ್ಕೂ ಚಕ್ರ ಏರಿಳಿಯುತ್ತವೆ.

ಎತ್ತರ ಬದಲಿಸುವ ಅನುಕೂಲ ಸಣ್ಣ ಸಂಗತಿಯಲ್ಲ. ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಸಲಕ್ಕೆ ತೆಗೆಯಬಾರದು ಎಂಬುದು ಈ ಕೆಲಸದ ಹಳೆಯ ನಿಯಮ; ಹೆಚ್ಚು ತೆಗೆದರೆ ಹಸಿರು ಎಲೆಯೆಲ್ಲ ಹೋಗಿ ಕೆಳಗಿನ ಕಂದು ಕಾಂಡ ಕಾಣುತ್ತದೆ, ಬೇರು ಸೊರಗುತ್ತದೆ. ಒಂದೂವರೆ ಇಂಚು ಉಳಿಸಬೇಕೆಂದರೆ ಎರಡೂಕಾಲು ಇಂಚಿಗೆ ಬಂದಾಗಲೇ ಕತ್ತರಿಸಬೇಕು. ಮಳೆಯಿಂದ ಹದಿನೈದು ದಿನ ಬಿಟ್ಟುಹೋಗಿ ಹುಲ್ಲು ನಾಲ್ಕು ಇಂಚಾದರೆ, ಮೊದಲು ಎತ್ತರದಲ್ಲಿ ಒಮ್ಮೆ ಓಡಿಸಿ, ಮೂರು ದಿನ ಬಿಟ್ಟು ತಗ್ಗಿಸಿ ಮತ್ತೊಮ್ಮೆ ಓಡಿಸಬೇಕು. ನೀರಿನ ಟ್ಯಾಂಕರ್ ಕಾಯುವ ಏಪ್ರಿಲ್-ಮೇ ತಿಂಗಳಲ್ಲಿ ಎರಡು ಇಂಚಿಗೆ ಏರಿಸಿದರೆ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು ಮಾಡಿಕೊಳ್ಳುತ್ತದೆ.

ತಂತಿಯ ವಿಷಯದಲ್ಲಿ ನಾವು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ. ಯಂತ್ರದ ಜೊತೆಗೆ ಅಂಗಡಿಯವರು ಕೊಟ್ಟದ್ದು 0.75 ಚದರ ಮಿ.ಮೀ.ಯ ತೆಳು ತಂತಿ, 40 ಮೀಟರು. ವಾಚ್‌ಮನ್ ಕೋಣೆಯ ಪಾಯಿಂಟಿನಿಂದ ದೂರದ ಮೂಲೆಗೆ ಹೋಗಿ ಸ್ವಿಚ್ ಹಾಕಿದರೆ ಮೋಟಾರು ಹೂಂ ಎಂದು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ಯಂತ್ರ ಕೆಟ್ಟಿದೆ ಎಂದು ನಾನು ಅಂಗಡಿಗೆ ಫೋನ್ ಮಾಡಲು ಹೊರಟಿದ್ದೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಹೋಗಿ ಬರುವ 80 ಮೀಟರು ತಾಮ್ರದ ರೋಧ ಸುಮಾರು 2 ಓಮ್. ಓಡುವಾಗಿನ 8 ಆಂಪಿಯರಿಗೇ 16 ವೋಲ್ಟ್ ತಂತಿಯಲ್ಲಿ ಕಳೆದುಹೋಗುತ್ತದೆ, ಶುರುವಾಗುವ ಕ್ಷಣದಲ್ಲಿ ಮೋಟಾರು ಅದರ ಹಲವು ಪಟ್ಟು ಕೇಳುತ್ತದೆ. ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜ್ ಶೇ. 10 ಇಳಿದರೆ ಬಲ ಶೇ. 19 ಇಳಿಯುತ್ತದೆ. ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋಗಿ 2.5 ಚದರ ಮಿ.ಮೀ.ಯ ಮೂರು ಎಳೆಯ ರಬ್ಬರ್ ಹೊದಿಕೆಯ ತಂತಿ ತಂದೆ. ಅಂದಿನಿಂದ ಆ ಮೂಲೆಯಲ್ಲೂ ಒಂದೇ ಏಟಿಗೆ ಶುರುವಾಗುತ್ತದೆ. ಅದೇ ದಿನ ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಪಾಯಿಂಟಿನಲ್ಲಿ ಹಾಕಿಸಿದೆ. ಒದ್ದೆ ಹುಲ್ಲು, ಬರಿಗಾಲಿನ ಅಭ್ಯಾಸ, ನೆಲದ ಮೇಲೆ 230 ವೋಲ್ಟಿನ ತಂತಿ ಇವು ಮೂರೂ ಸೇರುವ ಕಡೆ ಆ ಸಾಧನವಿಲ್ಲದೆ ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಬಾರದು. ಮಾಮಾ ತಂತಿಯನ್ನು ಹೆಗಲ ಮೇಲೆ ಹಾಕಿಕೊಂಡು, ಪಾಯಿಂಟಿನ ಬಳಿಯಿಂದ ಶುರುಮಾಡಿ ದೂರ ದೂರಕ್ಕೆ ಸಾಲು ಹಾಕುತ್ತಾರೆ. ಹಾಗೆ ಹೋದರೆ ತಂತಿ ಯಾವಾಗಲೂ ಕತ್ತರಿಸಿದ ಹುಲ್ಲಿನ ಮೇಲೇ ಇರುತ್ತದೆ, ಅಲಗಿನ ದಾರಿಗೆ ಬರುವುದಿಲ್ಲ.

ಜೂನ್ ಎರಡನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಈ ಯಂತ್ರ 17 ಬಾರಿ ಓಡಿದೆ. ಕತ್ತರಿಸಿದ ಮೇಲ್ಮೈ ಸಮವಾಗಿದೆ, ಹಳೆಯ ಯಂತ್ರ ಬಿಡುತ್ತಿದ್ದ ಅಡ್ಡಪಟ್ಟಿಗಳಿಲ್ಲ. “ಭಾರ ಐತ್ರಿ. ಆದ್ರ ಭಾರ ಇದ್ದದ್ದಕ್ಕ ಕುಣಿಯಂಗಿಲ್ಲ” ಎಂಬುದು ಮಾಮಾ ಕೊಟ್ಟ ತೀರ್ಪು. ಇಳಿಜಾರಿನಲ್ಲಿ ಮಾತ್ರ ಅದನ್ನು ಮೇಲೆ ಕೆಳಗೆ ಓಡಿಸದೆ ಅಡ್ಡಡ್ಡ ಸಾಲು ಹಾಕುತ್ತಾರೆ. ಒಂದು ಸರದಿಗೆ ಮುಕ್ಕಾಲು ಗಂಟೆಯಿಂದ ಐವತ್ತು ನಿಮಿಷ, ವಿದ್ಯುತ್ ಸುಮಾರು ಒಂದು ಯೂನಿಟ್. ಹಳೆಯದು ಇದೇ ಕೆಲಸಕ್ಕೆ ಒಂದು ಲೀಟರಿನಷ್ಟು ಪೆಟ್ರೋಲ್ ಕುಡಿಯುತ್ತಿತ್ತು, ಪುಣೆಯಲ್ಲಿ ಲೀಟರು ನೂರು ರೂಪಾಯಿ ದಾಟಿ ಬಹಳ ಕಾಲವಾಯಿತು. ಸದ್ದು ಇಲ್ಲವೆಂದಲ್ಲ, ಆದರೆ ಪಂಪು ಓಡಿದಂಥ ಒಂದೇ ಶ್ರುತಿಯ ಸದ್ದು. ಆದರೂ ಈ ಊರಿನ ಮಧ್ಯಾಹ್ನ 1ರಿಂದ 4ರ ನಿದ್ದೆಗೆ ಭಂಗ ತರುವ ಧೈರ್ಯ ಕಮಿಟಿಗೆ ಇಲ್ಲದ್ದರಿಂದ ಬೆಳಿಗ್ಗೆ ಹತ್ತರ ನಂತರ, ಇಬ್ಬನಿ ಆರಿದ ಮೇಲೆ, ಓಡಿಸುತ್ತೇವೆ.

ಕೊರತೆಗಳು ಇವೆ, ಒಂದೆರಡು ಗಂಭೀರವಾದವು. ಸ್ವಿಚ್ ಆರಿಸಿದ ಮೇಲೆ ಅಲಗು ಪೂರ್ತಿ ನಿಲ್ಲಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡಿದೆ: 11 ಸೆಕೆಂಡು. ಅಮೆರಿಕದಲ್ಲಿ ಹಿಂದೆ ನಡೆದು ದೂಡುವ ಮೋವರುಗಳಿಗೆ, ಹಿಡಿಕೆಯನ್ನು ಬಿಟ್ಟ 3 ಸೆಕೆಂಡಿನೊಳಗೆ ಅಲಗು ನಿಲ್ಲಬೇಕೆಂಬ ನಿಯಮ 1982ರಿಂದಲೇ ಇದೆ. ನಮ್ಮ ಯಂತ್ರದಲ್ಲಿ ಹಿಡಿಕೆ ಬಿಟ್ಟರೆ ತಾನೇ ಆರುವ ಸನ್ನೆಯೂ ಇಲ್ಲ, ಬ್ರೇಕೂ ಇಲ್ಲ. ಮಾಡಬೇಕಾದದ್ದು ಪ್ಲಗ್ ಕಿತ್ತು, ಕಿವಿಗೊಟ್ಟು ಕೇಳಿ, ಆಮೇಲೆ ಬಾಗುವುದು. ಚಿಕ್ಕ ಮಕ್ಕಳು ಓಡಾಡುವ ಮನೆಯವರು ಹಿಡಿಕೆ-ಸನ್ನೆ ಇರುವ ಮಾದರಿಗೇ ಹೆಚ್ಚು ಹಣ ಕೊಡಲಿ ಎಂದು ನಾನು ಒತ್ತಿ ಹೇಳುತ್ತೇನೆ. ಎರಡನೆಯದು ಹಿಂದಿನ ಹುಲ್ಲಿನ ಚೀಲ. ಒಣ ದಿನಗಳಲ್ಲಿ ಚೆನ್ನಾಗಿ ತುಂಬುತ್ತದೆ. ಜುಲೈನಲ್ಲಿ ಚೀಲಕ್ಕೆ ಹೋಗುವ ದಾರಿ ಹತ್ತು ನಿಮಿಷಕ್ಕೊಮ್ಮೆ ಪಾಲಕ್ ಪಲ್ಯದಂಥ ಮುದ್ದೆಯಿಂದ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಚೀಲವನ್ನೇ ತೆಗೆದಿಟ್ಟು, ಹಿಂದಿನ ಮುಚ್ಚಳ ಇಳಿಬಿಟ್ಟು ಓಡಿಸಿ, ಕುಂಟೆಯಿಂದ ಗುಡ್ಡೆ ಮಾಡಿ ಗೊಬ್ಬರದ ಗುಂಡಿಗೆ ಹಾಕಿದೆವು. ಸ್ವಿಚ್ಚಿಗೆ ರಬ್ಬರ್ ಹೊದಿಕೆ ಇರಲಿಲ್ಲ. ಅದನ್ನು ಮೊದಲ ವಾರವೇ ಬದಲಿಸಿಕೊಂಡೆವು. ಮೊದಲ ದಿನ ಬಂದು ಓಡಿಸಿ ತೋರಿಸುತ್ತಾನೆಂದು ಅಂಗಡಿಯವರು ಮಾತು ಕೊಟ್ಟಿದ್ದ ಮನುಷ್ಯ ಇಂದಿಗೂ ಬಂದಿಲ್ಲ.

ಅಲಗನ್ನು ಎರಡು ಬಾರಿ ಸಾಣೆ ಹಿಡಿಸಿದ್ದೇವೆ. ಹುಲ್ಲಿನ ತುದಿ ಕತ್ತರಿಸಿದ ಮರುದಿನ ಬೆಳ್ಳಗೆ ಸೀಳಿದಂತೆ ಕಂಡರೆ ಅಲಗು ಮೊಂಡಾಗಿದೆ ಎಂದೇ ತಿಳಿಯಬೇಕು. ಸಾಣೆ ಹಿಡಿದ ಮೇಲೆ ಅದರ ನಡುವಿನ ರಂಧ್ರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ತಕ್ಕಡಿಯಂತೆ ಎರಡೂ ಕಡೆ ಸಮ ನಿಲ್ಲುತ್ತದೆಯೇ ಎಂದು ನೋಡುತ್ತೇವೆ. ಒಂದು ಬದಿ ಭಾರವಾದರೆ ಆ ವೇಗದಲ್ಲಿ ಬೇರಿಂಗ್ ಒಂದು ಮಳೆಗಾಲವೂ ಬಾಳದು. ಹೊದಿಕೆಯ ಒಳಬದಿಯ ಬಣ್ಣ ಈಗಾಗಲೇ ಅಲ್ಲಲ್ಲಿ ಎದ್ದಿದೆ. ಹಳೆಯ ಯಂತ್ರದ ನೆನಪಿನಿಂದ, ಪ್ರತಿ ಸಲ ಪ್ಲಗ್ ಕಿತ್ತ ಮೇಲೆ ಮರದ ತುಂಡಿನಿಂದ ಒಳಗನ್ನು ಕೆರೆದು ಒಣಬಟ್ಟೆಯಿಂದ ಒರೆಸಿಡುತ್ತಾರೆ ಮಾಮಾ, ನೀರು ಹೊಯ್ಯುವುದಿಲ್ಲ.

ಒಂದು ಕೊರತೆ ಅವರೇ ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಹಿಡಿಕೆ ಅವರ ಎತ್ತರಕ್ಕೆ ಗಿಡ್ಡ. ಅರ್ಧ ಗಂಟೆ ದೂಡಿದರೆ ಸೊಂಟ ಹಿಡಿಯುತ್ತಿತ್ತು. ಸೂಸ್ ರಸ್ತೆಯ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 400 ರೂಪಾಯಿಗೆ ಹಿಡಿಕೆಯ ಎರಡೂ ಕೊಳವೆಗಳಿಗೆ ನಾಲ್ಕು ಇಂಚಿನ ತುಂಡು ಬೆಸೆಸಿಕೊಂಡು ಬಂದೆವು. ಅದರ ಮೇಲೆ ಅವರು ಹಳೆಯ ಸೈಕಲ್ ಟ್ಯೂಬ್ ಸೀಳಿ ಸುತ್ತಿದ್ದಾರೆ.